ಅಳು ಬಾಯಿಗೆ ಬರುವ ಮುನ್ನ

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಎದುರಿಗೆ ಕೂತಾಗ ಬಾಯಿ ಬಿಡದವಳು ಈಗ ಹಾಳೆಗಟ್ಟಲೆ ಬರೆಯಲು ಕೂತಿದ್ದಾಳೆ ಎಂದು ನಗಬೇಡಿ. ನಗುವುದಾದರೆ ಪೂರ್ತಿ ಓದಿ ಆಮೇಲೆ ನಗಿ. ಮೊಬೈಲಿಗೆ ಕಳಿಸಿದ ಸಂದೇಶಗಳನ್ನು ನೀವು ತೆರೆದೇ ಇಲ್ಲ. ಆ ಫೋನನ್ನು ಮತ್ತೆ ಬೀರುವಿನಲ್ಲಿ ಚಳಿಗಾಲದ ಬಟ್ಟೆಗಳ ಅಡಿಯಲ್ಲಿ ಮಲಗಿಸಿಟ್ಟಿದ್ದೀರಿ ಎಂದುಕೊಂಡಿದ್ದೇನೆ. ಅದಕ್ಕೇ ಈ ಪತ್ರ.

ಮೊದಲು ಮೊಮ್ಮಗಳ ಸುದ್ದಿ. ಮುಷ್ಟಿ ಚೆನ್ನಾಗಿದ್ದಾಳೆ. ನೀವಿಟ್ಟ ಆ ಹೆಸರೇ ಗಟ್ಟಿಯಾಗಿ ನಿಂತುಬಿಟ್ಟಿದೆ. ಹುಟ್ಟಿದಾಗ ಮುಚ್ಚಿದ ಮುಷ್ಟಿಯನ್ನು ಈಗ ಒಮ್ಮೊಮ್ಮೆ ಬಿಚ್ಚುತ್ತಾಳೆ, ಒಳಗೆ ಏನೂ ಇಲ್ಲವೆಂದು ಖಚಿತ ಮಾಡಿಕೊಂಡು ಮತ್ತೆ ಮುಚ್ಚುತ್ತಾಳೆ. ಆಮೇಲೆ ಅದನ್ನೇ ಬಾಯಿಗೆ ತುರುಕಿಕೊಂಡು, ಲೋಕದಲ್ಲಿ ಇದಕ್ಕಿಂತ ರುಚಿಯಾದದ್ದು ಇಲ್ಲ ಎನ್ನುವ ಹಾಗೆ ಚೀಪುತ್ತಾಳೆ. ಕೆನ್ನೆ ತುಂಬಿಕೊಂಡಿದೆ. ಕತ್ತು ಎಲ್ಲಿದೆ ಎಂದು ಸ್ನಾನದ ಹೊತ್ತಿಗೆ ಹುಡುಕಬೇಕು.

ಇನ್ನು ವಿಷಯ. ಬರುವ ಸೋಮವಾರ ನಾನು ಗ್ರಂಥಾಲಯದ ಕೆಲಸಕ್ಕೆ ಮರಳಬೇಕು. ಮುಷ್ಟಿಯನ್ನು ಯಾರ ಕೈಯಲ್ಲಿ ಬಿಟ್ಟು ಹೋಗುವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅವಳು ಹುಟ್ಟುವ ಮೊದಲಿನಿಂದಲೂ ನಾವು ಅಂದುಕೊಂಡಿದ್ದು ನಿಮ್ಮ ಕೈಯಲ್ಲಿ. ಆದರೆ ಹೋದ ವಾರದ ಆ ಮಂಗಳವಾರ ಆದದ್ದಾದ ಮೇಲೆ ನೀವು ಚೀಲ ತುಂಬಿಕೊಂಡು ನಿಮ್ಮ ಮನೆಗೆ ಹೊರಟುಹೋದಿರಿ. ಹೊಸ್ತಿಲಲ್ಲಿ ನಿಂತು, "ಕಿವುಡಿ ಕೈಗೆ ಕೂಸು ಕೊಡ್ಬೇಡಿ, ನಾಳೆ ಏನಾದ್ರೂ ಆದ್ರೆ ನಾನು ಬದುಕಿರಲ್ಲ" ಎಂದಿರಿ. ನಾನು ಆಗ ಏನೂ ಹೇಳಲಿಲ್ಲ. ನನ್ನ ಸ್ವಭಾವ ನಿಮಗೆ ಗೊತ್ತು. ಹೇಳಬೇಕಾದದ್ದು ನನ್ನ ಬಾಯಿಗೆ ಬರುವ ಹೊತ್ತಿಗೆ ಎದುರಿಗಿದ್ದವರು ಬಸ್ ಹತ್ತಿ ಹೋಗಿರುತ್ತಾರೆ. ಆ ದಿನವೂ ಹಾಗೇ ಆಯಿತು. ಈಗ ಹೇಳುತ್ತೇನೆ.

ಮೊದಲು ಆಸ್ಪತ್ರೆಯ ಗಾಜಿನ ವಿಷಯ ಹೇಳಬೇಕು. ಅದಕ್ಕೆ ನಿಮಗೆ ಧನ್ಯವಾದ ಹೇಳಿಯೇ ಇಲ್ಲ.

ಹೆರಿಗೆಯಾದ ಮರುದಿನ ನಮ್ಮ ವಾರ್ಡಿನೊಳಗೆ ಯಾರನ್ನೂ ಬಿಡುತ್ತಿರಲಿಲ್ಲವಲ್ಲ, ಸೋಂಕು ತಗಲುತ್ತದೆ ಎಂದು? ಉದ್ದಕ್ಕೂ ದಪ್ಪ ಗಾಜಿನ ಗೋಡೆ. ಆ ಕಡೆ ಪಡಸಾಲೆಯಲ್ಲಿ ನಮ್ಮ ನಮ್ಮ ಮನೆಯವರು, ಈ ಕಡೆ ಮಂಚಗಳ ಮೇಲೆ ನಾವು. ಭೇಟಿಯ ಹೊತ್ತಾದರೆ ಸಾಕು, ಆ ಕಡೆ ಸಂತೆ ನೆರೆಯುತ್ತಿತ್ತು. ಒಬ್ಬ ಗಂಡ ಅಂಗೈ ಮೇಲೆ ಪೆನ್ನಿನಲ್ಲಿ ಬರೆದು ತೋರಿಸುತ್ತಿದ್ದ, ಬೆವರಿಗೆ ಅಕ್ಷರ ಕಲಸಿಹೋಗುತ್ತಿತ್ತು. ಒಬ್ಬ ಅಜ್ಜಿ ಉಂಗುರದಿಂದ ಗಾಜು ಕುಟ್ಟುತ್ತಿದ್ದರು. ನರ್ಸು ಹೋಗಿ, "ಅಜ್ಜಿ, ಗಾಜು ಒಡೆದ್ರೆ ನಿಮ್ಮ ಮೊಮ್ಮಗನ ತಲೆ ಮೇಲೇ ಬೀಳೋದು!" ಎಂದು ಗದರುತ್ತಿದ್ದರು. ಎಲ್ಲರೂ ಕೂಗುತ್ತಿದ್ದರು, ಯಾರದೂ ಯಾರಿಗೂ ಕೇಳುತ್ತಿರಲಿಲ್ಲ.

ನೀವು ಮಾತ್ರ ಒಂದು ಮೂಲೆಯಲ್ಲಿ ಚೀಲ ಹಿಡಿದು ತಣ್ಣಗೆ ನಿಂತಿದ್ದಿರಿ. ದನಿಯೇ ಇಲ್ಲದೆ, ಅವಸರವಿಲ್ಲದೆ, ನನಗೆ ಓದಲು ಬರುವಷ್ಟು ಬಿಡಿಸಿ ಬಿಡಿಸಿ, ತುಟಿಯಲ್ಲಿ ಕೇಳಿದಿರಿ: "ಹೊಟ್ಟೆಗೇನ್ ಕೊಟ್ರು?"

ನಾನೂ ದನಿಯಿಲ್ಲದೆ ಹೇಳಿದೆ: "ಬ್ರೆಡ್ಡು, ಹಾಲು. ಹಾಲಲ್ಲಿ ಹಾಲು ಕಮ್ಮಿ."

ನಗುವಿಗೆ ನಿಮ್ಮ ಭುಜ ಕುಲುಕಿತು. "ನೋವು?"

"ಕೂತ್ಕೊಳ್ಳೋಕಾಗಲ್ಲ."

"ನಿನ್ನ ಗಂಡ ಮೆಟ್ಟಿಲ ಮೇಲೆ ಕೂತು ಅಳ್ತಿದ್ದಾನೆ. ಹೆತ್ತಿದ್ದು ನೀನೋ ಅವನೋ?"

ಹೊಲಿಗೆ ಬಿಚ್ಚಿಹೋಗುತ್ತದೆಂಬ ಭಯದಲ್ಲಿ ನಾನು ತಲೆದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ನಕ್ಕೆ. ಪಕ್ಕದ ಮಂಚದವಳು ನಮ್ಮಿಬ್ಬರನ್ನೂ ನೋಡಿ, "ಪಾಪ, ನಿಮ್ಮತ್ತೆಗೆ ಮಾತು ಬರಲ್ವಾ?" ಎಂದು ಕೇಳಿದಳು. "ಬರುತ್ತೆ," ಎಂದೆ, "ಸ್ವಲ್ಪ ಜಾಸ್ತೀನೇ ಬರುತ್ತೆ." ಮಗ್ಗಗಳ ಸದ್ದಿನಲ್ಲಿ ಕೂಗಿದರೂ ಪಕ್ಕದವರಿಗೆ ಕೇಳದ ಗಿರಣಿಯಲ್ಲಿ ಅರ್ಧ ಆಯಸ್ಸು ಕಳೆದವರು, ಅಲ್ಲಿ ಹೆಂಗಸರೆಲ್ಲ ಹೀಗೇ ತುಟಿಯಲ್ಲೇ ಮಾತಾಡುತ್ತಿದ್ದರು ಎಂದು ವಿವರಿಸಿದೆ. ನಾನು ಅಪರಿಚಿತರ ಜೊತೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅವಳು ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ನಮ್ಮ ಮನೆಯವ್ರಿಗೆ ಆ ನೀಲಿ ಟವೆಲ್ ತರೋಕೆ ಹೇಳಿಸ್ತೀರಾ?" ಎಂದಳು. ನಾನು ತುಟಿಯಲ್ಲಿ ನಿಮಗೆ ಹೇಳಿದೆ, ನೀವು ಪಡಸಾಲೆಯಲ್ಲಿ ಬಾಯಿಬಿಟ್ಟು ಅವಳ ಗಂಡನಿಗೆ ಹೇಳಿದಿರಿ. ಅಷ್ಟೇ, ನಾವಿಬ್ಬರು ಆ ವಾರ್ಡಿನ ಅಂಚೆ ಕಚೇರಿ ಆಗಿಬಿಟ್ಟೆವು. ಯಾರಿಗೆ ಬಿಸಿನೀರಿನ ಫ್ಲಾಸ್ಕ್ ಬೇಕು, ಯಾರ ಮಗು ಯಾರ ಮೂಗು ಹೊತ್ತು ಬಂದಿದೆ, ಯಾರ ನಾದಿನಿ ಇನ್ನೂ ಬಂದು ನೋಡಿಲ್ಲ, ಎಲ್ಲವೂ ನಮ್ಮ ಮೂಲಕವೇ. ನಾಲ್ಕು ಜನರ ಮುಂದೆ ಬಾಯಿ ಒಣಗುವ ನಾನು, ವಾರ್ಡಿಗೆಲ್ಲ ಬೇಕಾದವಳಾದೆ. ಮನೆಗೆ ಹೊರಡುವಾಗ ಪಕ್ಕದ ಮಂಚದವಳು ನನ್ನ ಕೈ ಹಿಡಿದು ಅತ್ತಳು ಅತ್ತೆ. ಇದನ್ನೂ ನಿಮಗೆ ಹೇಳಿರಲಿಲ್ಲ.

ನಿಮಗೆ ಕಿವಿ ಮಂದವಷ್ಟೇ ಅಲ್ಲ, ಏನೇನೂ ಕೇಳುವುದಿಲ್ಲ ಎಂದು ನನಗೆ ಗೊತ್ತಾದದ್ದೂ ಅಲ್ಲೇ. ನಿಮ್ಮ ಬೆನ್ನ ಹಿಂದೆ ಊಟದ ತಳ್ಳುಗಾಡಿ ಬಂತು. ತಳ್ಳುತ್ತಿದ್ದವನು "ಸರೀರಿ, ಸರೀರಿ" ಎಂದು ಕೂಗುತ್ತಿದ್ದದ್ದು ಗಾಜಿನ ಈ ಕಡೆಗೂ ಸಣ್ಣಗೆ ಕೇಳಿತು. ಎಲ್ಲರೂ ಸರಿದರು. ನೀವು ಮಗುವನ್ನು ನೋಡಿ ನಗುತ್ತಾ ನಿಂತೇ ಇದ್ದಿರಿ. ನಾನು ತುಟಿಯಲ್ಲಿ "ಹಿಂದೆ ಗಾಡಿ" ಎಂದ ಮೇಲೆಯೇ ನೀವು ಸರಿದದ್ದು. ಸರಿದು, ನನ್ನನ್ನು ನೋಡಿದಿರಿ. ನಿಮ್ಮ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಕಣ್ಣಲ್ಲಿ ಮಾತ್ರ ಇರಲಿಲ್ಲ.

"ಗೊತ್ತಾಯ್ತಾ?" ಎಂದು ಕೇಳಿದಿರಿ. ನಾನು ತಲೆಯಾಡಿಸಿದೆ.

"ಅವನಿಗೆ ಹೇಳ್ಬೇಡ. ಕೂಸನ್ನ ನನ್ನ ಕೈಗೆ ಕೊಡಲ್ಲ."

ಹೇಳಲಿಲ್ಲ. ನನಗೆ ಅದು ಗುಟ್ಟು ಕಾಪಾಡುವ ಕಷ್ಟದ ಕೆಲಸ ಎನ್ನಿಸಲೂ ಇಲ್ಲ, ಏಕೆಂದರೆ ನಿಮ್ಮ ಕೈಯಲ್ಲಿ ಮಗು ಇದ್ದಾಗ ನಾನು ಒಮ್ಮೆಯೂ ಹೆದರಲಿಲ್ಲ. ಹೆದರಿದ್ದು ನನ್ನ ಕೈಯಲ್ಲಿ ಇದ್ದಾಗ.

ಈ ಮಾತಿಗೇ ಬರಬೇಕಿತ್ತು. ಮನೆಗೆ ಬಂದ ಮೊದಲ ವಾರ ನೆನಪಿದೆಯೇ? ನನ್ನ ಅಮ್ಮ ಶಾಲೆಗೆ ರಜೆ ಹಾಕಿ ಬಂದಿದ್ದಳು. ಹಾಲ್ ತುಂಬ ಜನ. ಪಕ್ಕದ ಮನೆಯ ದರ್ಜಿ ಅಕ್ಕ, ನಿಮ್ಮ ಗಿರಣಿಯ ಗೆಳತಿಯರು, ಬಸ್ ಡಿಪೋದಿಂದ ಇವರ ಜೊತೆಯವರು. ನಾನು ನಡುವೆ ಕುರ್ಚಿಯಲ್ಲಿ, ತೊಡೆಯ ಮೇಲೆ ಮಗು. "ತಾಯಿ ಆದ್ಮೇಲೆ ಮುಖಕ್ಕೆ ಎಂಥಾ ಕಳೆ ಬಂದಿದೆ ನೋಡಿ" ಎಂದು ಯಾರೋ ಅಂದರು. ನನಗೆ ಒಳಗೆ ಏನಿತ್ತು ಗೊತ್ತೇ? ಬಸ್ ನಿಲ್ದಾಣದಲ್ಲಿ ಯಾರೋ ಗುರುತಿಲ್ಲದವರು, "ಈ ಸಾಮಾನು ಸ್ವಲ್ಪ ನೋಡ್ಕೊಳ್ಳಿ, ಬಂದೆ" ಎಂದು ಗಂಟೊಂದನ್ನು ತೊಡೆಯ ಮೇಲಿಟ್ಟು ಹೋದ ಹಾಗೆ. ಅವರು ಬರಲೇ ಇಲ್ಲ. ಬರುವುದೂ ಇಲ್ಲ ಎಂದು ನನಗೆ ಮೆಲ್ಲಗೆ ಅರ್ಥವಾಗುತ್ತಿತ್ತು.

ಓದಿದ ಪುಸ್ತಕಗಳಲ್ಲೆಲ್ಲ ತಾಯಿಯಾದವಳ ಎದೆಯಲ್ಲಿ ಏನೋ ಉಕ್ಕಿ ಬರುತ್ತದೆ. ನನಗೆ ಉಕ್ಕಿದ್ದು ಹಾಲು ಮಾತ್ರ. ಅದೂ ಬೇಡದ ಹೊತ್ತಿನಲ್ಲಿ.

ನೀವು ಎದುರು ಗೋಡೆಯ ಬಳಿ ಮಣೆಯ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಿರಿ. ಅಷ್ಟು ಜನರ ನಡುವೆ, ದನಿಯಿಲ್ಲದೆ ಕೇಳಿದಿರಿ: "ಏನಾಯ್ತೇ?"

ನಾನು ತುಟಿಯಲ್ಲಿ ಹೇಳಿಬಿಟ್ಟೆ: "ಇವಳನ್ನ ಕಂಡ್ರೆ ನನಗೆ ಏನೂ ಅನ್ನಿಸ್ತಿಲ್ಲ ಅತ್ತೆ."

ದನಿ ಕೊಟ್ಟು ಆ ಮಾತನ್ನು ನಾನು ಯಾರ ಬಳಿಯೂ ಆಡಲಾರದವಳಾಗಿದ್ದೆ. ಗಂಡನ ಬಳಿಯೂ, ಹೆತ್ತ ತಾಯಿಯ ಬಳಿಯೂ. ನಿಮ್ಮ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ಇನ್ನೊಂದು ಬಟ್ಟೆ ಎತ್ತಿಕೊಂಡು ಹೇಳಿದಿರಿ: "ನನಗೂ ಹಾಗೇ ಇತ್ತು. ನಿನ್ನ ಗಂಡನ್ನ ಮೊದಲು ನೋಡ್ದಾಗ, ಈ ಬೋಳುತಲೆ ಮುದುಕ ಯಾರಪ್ಪ, ನನ್ನ ಹಾಸಿಗೇಲಿ ಏನ್ ಕೆಲಸ ಇವನಿಗೆ ಅಂದ್ಕೊಂಡೆ."

ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ. ನೀವು ಮುಂದುವರಿಸಿದಿರಿ: "ಬರುತ್ತೆ ಕಣೇ. ಬರೋವರ್ಗೂ ಹಾಲು ಕೊಡು, ಬಟ್ಟೆ ಬದಲಾಯ್ಸು. ಕೈ ಕೆಲಸ ಮಾಡ್ತಾ ಇರ್ಲಿ, ಮನಸ್ಸು ಹಿಂದಿಂದ ಬರುತ್ತೆ. ನಾಳೆ ಡಾಕ್ಟರಮ್ಮಂಗೂ ಹೇಳು, ನಾಚ್ಕೋಬೇಡ. ನಾನು ಪಕ್ಕದಲ್ಲೇ ಇರ್ತೀನಿ."

ಅಷ್ಟರಲ್ಲಿ ನನ್ನ ಅಮ್ಮ, "ಇದೇನ್ರಿ ಬೀಗಿತ್ತಿ, ಅತ್ತೆ ಸೊಸೆ ಇಬ್ರೂ ಮೇಕೆಗಳ ಹಾಗೆ ಬಾಯಿ ಆಡಿಸ್ತಾ ಕೂತಿದ್ದೀರಿ?" ಎಂದಳು. ನೀವು ದೊಡ್ಡ ದನಿಯಲ್ಲಿ, "ಏನಿಲ್ಲ, ಸಂಜೆಗೆ ಏನು ಅಡುಗೆ ಅಂತ ಕೇಳ್ತಿದ್ದೆ" ಎಂದಿರಿ. "ಏನು ಅಡುಗೆ ಅಂತೆ?" ಎಂದಳು ಅಮ್ಮ. "ಅದನ್ನೇ ಅವಳೂ ಕೇಳ್ತಿದ್ಲು" ಎಂದಿರಿ ನೀವು.

ಮರುದಿನ ಡಾಕ್ಟರಿಗೆ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ, ಗದರಲಿಲ್ಲ, ಎಷ್ಟೋ ಜನರಿಗೆ ಹೀಗಾಗುತ್ತದೆ ಎಂದರು, ಮತ್ತೆ ಮತ್ತೆ ಬರಲು ಹೇಳಿದರು. ನೀವು ಪ್ರತಿ ಸಲವೂ ಬಂದಿರಿ. ಆಮೇಲೆ ಒಂದು ಬೆಳಿಗ್ಗೆ, ಒದ್ದೆ ಬಟ್ಟೆ ಬದಲಾಯಿಸುವಾಗ ಮುಷ್ಟಿ ಸೀನಿದಳು. ತನ್ನ ಸೀನಿಗೆ ತಾನೇ ಬೆಚ್ಚಿ, ನಾನೇ ಏನೋ ಮಾಡಿದೆನೆಂಬಂತೆ ನನ್ನನ್ನು ದುರುಗುಟ್ಟಿ ನೋಡಿದಳು. ನನಗೆ ನಗು ಬಂತು. ನಗುವಿನ ಹಿಂದೆಯೇ ಅದೂ ಬಂತು ಅತ್ತೆ. ದೊಡ್ಡದಾಗಿ ಏನೂ ಅಲ್ಲ. ಇವಳು ನನ್ನವಳು, ಇವಳ ಸೀನು ಕೂಡ ನನ್ನದು, ಅಷ್ಟೇ. ಓಡಿಬಂದು ನಿಮಗೆ ಹೇಳಬೇಕೆಂದುಕೊಂಡೆ. ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ, ಆಗಲೇ ಗೊತ್ತಾಗಿ, ಏನೂ ಕೇಳದೆ ಹಾಲಿಗೆ ಸಕ್ಕರೆ ಹಾಕಲು ಒಳಗೆ ಹೋದಿರಿ.

ಇನ್ನು ಆ ಮಂಗಳವಾರ.

ನಡೆದದ್ದನ್ನು ನೀವು ನೋಡಿದ್ದು ನಿಮ್ಮ ಕಡೆಯಿಂದ. ನಮ್ಮ ಕಡೆಯದನ್ನೂ ಸೇರಿಸಿ ಹೇಳುತ್ತೇನೆ. ಅಂದು ಅಡುಗೆಮನೆಯ ನಲ್ಲಿಯ ಕೊಳವೆ ಒಡೆದು ನೆಲವೆಲ್ಲ ನೀರಾಗಿತ್ತು. ಸದಾ ಅಡುಗೆಮನೆಯ ಬಾಗಿಲಲ್ಲಿ, ನಿಮ್ಮ ಕಣ್ಣೆದುರಿಗೇ ಇರುತ್ತಿದ್ದ ತೊಟ್ಟಿಲನ್ನು ನೀರು ತಗಲದಿರಲೆಂದು ನೀವು ಒಳಕೋಣೆಗೆ ಸರಿಸಿದಿರಿ. ಎಳೆಗೂಸನ್ನು ಒದ್ದೆ ನೆಲದ ಪಕ್ಕ ಯಾರು ಇಡುತ್ತಾರೆ? ನಾನು ಸ್ನಾನಕ್ಕೆ ಹೋಗಿದ್ದೆ, ನೀರು ಬಿಟ್ಟಿದ್ದರಿಂದ ನನಗೂ ಏನೂ ಕೇಳಲಿಲ್ಲ. ನೀವು ನೆಲ ಒರೆಸುತ್ತಾ, ನಡುನಡುವೆ ಎದ್ದು ಹೋಗಿ ಇಣುಕಿ ಬರುತ್ತಿದ್ದಿರಿ. ಒಂದು ಸಲ ಇಣುಕಿ ಬಂದದ್ದಕ್ಕೂ ಇನ್ನೊಂದು ಸಲಕ್ಕೂ ನಡುವೆ ಮುಷ್ಟಿ ಎದ್ದಳು.

ಇವರು ಪಾಳಿ ಮುಗಿಸಿ ಬಂದವರಿಗೆ ಅಳು ಮೆಟ್ಟಿಲ ಮೇಲೇ ಕೇಳಿಸಿದೆ. ಓಡಿಬಂದು ಎತ್ತಿಕೊಂಡಿದ್ದಾರೆ. ಅಡುಗೆಮನೆಗೆ ಬಂದು ನಿಮ್ಮ ಬೆನ್ನ ಹಿಂದೆ ನಿಂತು "ಅಮ್ಮಾ" ಎಂದಿದ್ದಾರೆ. ಮತ್ತೆ "ಅಮ್ಮಾ" ಎಂದಿದ್ದಾರೆ. ಆಮೇಲೆ ತಟ್ಟೆಯೊಂದನ್ನು ಎತ್ತಿ ನೆಲಕ್ಕೆ ಹಾಕಿದ್ದಾರೆ. ಆ ಸದ್ದಿಗೆ ನಾನು ಸ್ನಾನದ ಮನೆಯಿಂದ ಒದ್ದೆ ತಲೆಯಲ್ಲೇ ಹೊರಗೆ ಬಂದೆ. ನೀವು ಏನೋ ಗುನುಗುತ್ತಾ ಒರೆಸುತ್ತಲೇ ಇದ್ದಿರಿ. ಅವರ ಬೂಟು ನಿಮ್ಮ ಕಣ್ಣಿಗೆ ಬಿದ್ದಾಗ ತಿರುಗಿ, ಮುಖವೆಲ್ಲ ನಗುವಾಗಿ, "ಬಂದ್ಯಾ? ಟೀ ಇಡ್ಲಾ?" ಎಂದಿರಿ.

ಅವರು ಅಂದದ್ದು ಒಂದೇ ಮಾತು: "ಮಗುಗೆ ಏನಾದ್ರೂ ಆಗಿದ್ರೆ?" ಸಿಟ್ಟಿನಿಂದ ಅಂದದ್ದಲ್ಲ ಅತ್ತೆ. ಎಲ್ಲ ಸರಿಯಿದೆಯೇ ಎಂದು ಅವರ ಕೈ ಮಗುವಿನ ತಲೆ, ಬೆನ್ನು, ಕಾಲು ತಡವುತ್ತಲೇ ಇತ್ತು. ಆದರೆ ನೀವು ಅವರ ತುಟಿಯನ್ನಷ್ಟೇ ನೋಡಿದಿರಿ, ಕೈಯನ್ನು ನೋಡಲಿಲ್ಲ.

ನೀವು ಹೋದ ಮೇಲೆ ಅವರು ನನ್ನನ್ನು ಕೇಳಿದರು, "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.

"ಚೆನ್ನಾಗಿದೆ. ಊರಿಗೆಲ್ಲ ಗೊತ್ತು, ಹೆತ್ತ ಮಗನಿಗೆ ಬಿಟ್ಟು."

ಆಮೇಲೆ ನೆಲಕ್ಕೆ ಹಾಕಿದ್ದ ತಟ್ಟೆಯನ್ನು ಎತ್ತಿಡುತ್ತಾ, "ಚಿಕ್ಕವನಿದ್ದಾಗ ಅಮ್ಮ ಯಾವಾಗ್ಲೂ, 'ಮುಖ ನೋಡಿ ಮಾತಾಡು, ಕಳ್ಳನ ಥರ ಎಲ್ಲೋ ನೋಡ್ಕೊಂಡು ಮಾತಾಡ್ಬೇಡ' ಅಂತಿದ್ಲು. ನಾನು ಸುಳ್ಳು ಹೇಳ್ತೀನಾ ಅಂತ ಪರೀಕ್ಷೆ ಮಾಡ್ತಾಳೆ ಅಂದ್ಕೊಂಡಿದ್ದೆ. ಆ ಹೆದರಿಕೆಗೇ ನಾನು ಸುಳ್ಳು ಹೇಳೋದು ಕಲೀಲೇ ಇಲ್ಲ" ಎಂದರು. ನಗುತ್ತಲೇ ಹೇಳಿದರು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ನಾವು ಶಿಶುವಿಹಾರಕ್ಕೆ ಹೋಗಿ ನೋಡಿದೆವು. ಒಳ್ಳೆಯ ಜಾಗ, ಒಳ್ಳೆಯ ಹೆಂಗಸರು. ಗೋಡೆಗೆಲ್ಲ ಆನೆ, ಮೀನು. ನಮಗಾಗಿ ಒಂದು ತೊಟ್ಟಿಲು ಕಾದಿಡುತ್ತೇವೆ, ಶನಿವಾರ ಸಂಜೆಯೊಳಗೆ, ಅಂದರೆ ನಾಳೆಯೊಳಗೆ, ಹೇಳಿ ಎಂದರು. ಇವರು ಸಮಾಧಾನದಿಂದ ಬಂದರು. ನಾನು ದಾರಿಯುದ್ದಕ್ಕೂ ಸುಮ್ಮನಿದ್ದೆ, ಅದು ಹೊಸದೇನಲ್ಲವಾದ್ದರಿಂದ ಅವರಿಗೆ ಗೊತ್ತಾಗಲಿಲ್ಲ. ಮನೆಗೆ ಬಂದು ಬಾಗಿಲ ಬೀಗ ತೆಗೆಯುತ್ತಿರುವಾಗ ನಾನು ಹೇಳಿದೆ: "ಒಂದು ದಿನ ನೀವೇ ಕಿವಿ ಮುಚ್ಕೊಂಡು ಮಗುನ ನೋಡ್ಕೊಳ್ಳಿ. ಆಮೇಲೆ ಹೇಳಿ, ನಿಮ್ಮಮ್ಮನ ಕೈಲಿ ಆಗುತ್ತೋ ಇಲ್ವೋ ಅಂತ."

ಅವರು ಬೀಗ ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದರು. "ಮೌನಗೌರಿ ಬಾಯಿ ಬಿಟ್ಲಪ್ಪ," ಎಂದರು. "ಆಯ್ತು. ಭಾನುವಾರ."

ಭಾನುವಾರ ಬೆಳಿಗ್ಗೆ ಕಿವಿಗೆ ಹತ್ತಿ ತುರುಕಿ, ಮೇಲೊಂದು ಉಣ್ಣೆಯ ಟೋಪಿ ಎಳೆದುಕೊಂಡು ಬಂದರು. ಬೇಸಿಗೆಯ ಬಿಸಿಲಿಗೆ ಆ ವೇಷ! ನಾನು ಪುಸ್ತಕ ಹಿಡಿದು ಕುರ್ಚಿಯಲ್ಲಿ ಕೂತೆ. ಕೈ ಹಾಕಬಾರದು, ಸನ್ನೆ ಮಾಡಬಾರದು ಎಂದು ಮಾತಾಗಿತ್ತು. ಪುಸ್ತಕದ ಒಂದು ಪುಟವನ್ನೂ ತಿರುವಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಮೊದಲು ಅವರು ಅವಳ ಮುಖಕ್ಕೆ ಎಷ್ಟು ಹತ್ತಿರ ಕೂತರೆಂದರೆ ಅವಳಿಗೆ ಉಸಿರಾಡಲೂ ಜಾಗವಿರಲಿಲ್ಲ. ಮೂಗು ಹಿಡಿದೆಳೆದಳು. ಆಮೇಲೆ ಸ್ವಲ್ಪ ಹಿಂದೆ ಸರಿದು ಕೂತರು. ಎಲ್ಲಿಗೂ ಏಳುವಂತಿಲ್ಲ, ಆ ಕಡೆ ಈ ಕಡೆ ನೋಡುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಜೋರಾಗಿ, ಕಿವಿ ಮುಚ್ಚಿಕೊಂಡವರು ಮಾತಾಡುವ ಹಾಗೆ, "ಏ, ಇಲ್ಲಿ ನೋಡೇ! ಇವಳು ಅಳೋದಕ್ಕೆ ಮುಂಚೆ ಕಾಲಿನ ಹೆಬ್ಬೆರಳು ಮೇಲಕ್ಕೆತ್ತುತ್ತಾಳೆ!" ಎಂದು ಕಿರುಚಿದರು. ಆಮೇಲೆ ಗಲ್ಲ ಗಟ್ಟಿಯಾಗುತ್ತದಂತೆ. ಆಮೇಲೆ ಹುಬ್ಬು ಕೆಂಪಾಗುತ್ತದಂತೆ. ಅಳು ಬಾಯಿಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಬೆರಳು ಎದ್ದಾಗಲೇ ಎತ್ತಿಕೊಂಡರೆ ಅಳುವೇ ಇಲ್ಲ.

ನನಗೆ ಆಗ ಅರ್ಥವಾಯಿತು ಅತ್ತೆ. ದರ್ಜಿ ಅಕ್ಕ, "ನಿಮ್ಮನೇಲಿ ಇರೋದು ಮಗುನೋ ಗೊಂಬೆನೋ, ಸದ್ದೇ ಇಲ್ವಲ್ಲ" ಎನ್ನುತ್ತಿದ್ದಳಲ್ಲ? ನೀವು ಅಷ್ಟು ದಿನವೂ ಆ ಹೆಬ್ಬೆರಳನ್ನೇ ಕಾಯುತ್ತಿದ್ದಿರಿ. ನಾವೆಲ್ಲ ಅಳು ಕೇಳಿದ ಮೇಲೆ ಓಡುವವರು. ನೀವು ಅಳುವಿಗೆ ಮೊದಲೇ ಅಲ್ಲಿ ಹೋಗಿ ನಿಂತಿರುತ್ತಿದ್ದವರು. ಇವರೂ ಅದನ್ನೇ ಯೋಚಿಸುತ್ತಿದ್ದರೆಂದು ಕಾಣುತ್ತದೆ. ಟೋಪಿ ಸರಿಮಾಡಿಕೊಳ್ಳುತ್ತಾ, ಈ ಸಲ ಮೆಲ್ಲಗೆ, "ಅಮ್ಮ ನನ್ನನ್ನೂ ಹೀಗೇ ನೋಡ್ತಾ ಕೂತಿರ್ತಿದ್ಲು" ಎಂದರು.

ಇಲ್ಲಿಗೆ ಪತ್ರ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಸಂಜೆ ಅವರಿಗೆ ಚಹಾ ಬೇಕಾಯಿತು. ಅಡುಗೆಮನೆಗೆ ಹೋದರು, ಒಲೆಯ ಕಡೆ ಮುಖ ಮಾಡಿದರು. ತೊಟ್ಟಿಲು ಬಾಗಿಲಲ್ಲೇ ಇತ್ತು, ಆದರೆ ಅವರ ಬೆನ್ನಿಗೆ. ಮುಷ್ಟಿ ಹೆಬ್ಬೆರಳೆತ್ತಿದಳು. ಗಲ್ಲ ಗಟ್ಟಿಯಾಯಿತು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅವಳು ಬಾಯಿ ತೆರೆದು ಅತ್ತಳು, ಇವರು ಸಿಳ್ಳೆ ಹಾಕುತ್ತಾ ಸಕ್ಕರೆ ಕದಡುತ್ತಿದ್ದರು. ಇನ್ನು ಕೂತಿರಲಾರೆನೆಂದು ನಾನು ಏಳುವಷ್ಟರಲ್ಲಿ ಇವರು ತಿರುಗಿದರು. ಆಗ ಅವರ ಮುಖ ನೋಡಿದೆ. ಮಂಗಳವಾರ ಅವರ ಮಾತು ಓದಿದ ಮೇಲೆ ನಿಮ್ಮ ಮುಖ ಹೇಗಾಗಿತ್ತೋ ಹಾಗೇ ಆಗಿತ್ತು.

ಮಗುವನ್ನು ಎತ್ತಿಕೊಂಡು, ಹತ್ತಿ ಕಿತ್ತೆಸೆದು ಕೂತರು. "ನೋಡಿದ್ಯಲ್ಲ, ಬೆನ್ನು ತಿರುಗಿಸಿದ್ರೆ ಕಥೆ ಮುಗೀತು" ಎಂದರು. ನಾನು ಸೋತೆ ಎಂದುಕೊಂಡೆ. ಪಂದ್ಯ ಕಟ್ಟಿದ್ದೇ ತಪ್ಪಾಯಿತು, ಇನ್ನು ನಿಮ್ಮನ್ನು ಕರೆಯುವ ದಾರಿ ನಾನೇ ಮುಚ್ಚಿದೆ ಎಂದುಕೊಂಡೆ. ಅವರು ಮಾತ್ರ, "ಬೆನ್ನು..." ಎಂದು ಇನ್ನೊಮ್ಮೆ ಹೇಳಿ, ಮಗುವಿನ ಬೆನ್ನು ತಟ್ಟುತ್ತಾ ಗೋಡೆ ನೋಡುತ್ತಾ ಕೂತುಬಿಟ್ಟರು.

ಮರುದಿನ ಡಿಪೋದಿಂದ ಬರುವಾಗ ಹಳೇ ಅಂಗಿಯಲ್ಲಿ ಸುತ್ತಿದ ಏನನ್ನೋ ಹೊತ್ತು ತಂದರು. ಬಿಚ್ಚಿದರೆ ಕನ್ನಡಿ! ಗುಜರಿಗೆ ಹಾಕಿದ ಬಸ್ಸಿನದು. ಚಾಲಕನ ತಲೆಯ ಮೇಲೆ, ಹಿಂದಿನ ಸೀಟಿನವರೆಗೂ ಕಾಣುವ ಹಾಗೆ ಇರುತ್ತದಲ್ಲ, ಆ ಉಬ್ಬುಗನ್ನಡಿ. ಮೆಕ್ಯಾನಿಕ್ಕನ್ನು ಕಾಡಿ ಬೇಡಿ ತಂದರಂತೆ. ಒಲೆಯ ಮೇಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಒಲೆಯ ಮುಂದೆ ನಿಂತರೆ ಈಗ ಇಡೀ ಮನೆ ಅದರಲ್ಲಿ ಬಾಗಿಕೊಂಡು ಕಾಣುತ್ತದೆ. ತೊಟ್ಟಿಲು, ಹಾಲ್‌ನ ಕಿಟಕಿ, ಬೀದಿ ಬಾಗಿಲು, ಸೋಫಾದ ಮೇಲೆ ಕಾಲು ಚಾಚಿದ ನಾನು, ಎಲ್ಲ.

"ಬಸ್ ತುಂಬಾ ಜನರನ್ನ ಬೆನ್ನು ಹಾಕ್ಕೊಂಡೇ ಕಾಯ್ತೀನಿ ನಾನು," ಎಂದರು, ಸುತ್ತಿಗೆ ಹಿಡಿದುಕೊಂಡೇ. "ಯಾರು ಹತ್ತಿದ್ರು, ಯಾರು ಇಳಿದ್ರು, ಯಾವ ಅಜ್ಜಿ ಇನ್ನೂ ಕಂಬಿ ಹಿಡಿದಿಲ್ಲ, ಎಲ್ಲಾ ಕಾಣುತ್ತೆ. ಎಂಜಿನ್ ಸದ್ದಲ್ಲಿ ನನಗೇನು ಕೇಳುತ್ತಾ? ನಾನೂ ಅಮ್ಮನ ಹಾಗೇ ದುಡಿಯೋನು. ಇಷ್ಟು ದಿನ ಗೊತ್ತಾಗ್ಲಿಲ್ಲ ನೋಡು."

ಆಮೇಲೆ ಕಿವಿಗೆ ಮತ್ತೆ ಹತ್ತಿ ತುರುಕಿ, ಒಲೆಯ ಮುಂದೆ ನಿಂತು ಚಹಾ ಮಾಡಿದರು. ಹೆಬ್ಬೆರಳು ಎದ್ದಿತು. ಅವರು ಒಲೆ ಆರಿಸಿ ಹೋಗಿ ಎತ್ತಿಕೊಂಡರು. ಅಳು ಬರಲಿಲ್ಲ. ಆ ಚಹಾದಲ್ಲಿ ಸಕ್ಕರೆ ಇರಲಿಲ್ಲ, ಇಬ್ಬರೂ ಅದನ್ನೇ ಕುಡಿದೆವು.

ಇನ್ನೊಂದು ಕನ್ನಡಿಗಾಗಿ ಈಗ ಮೆಕ್ಯಾನಿಕ್ಕಿನ ಬೆನ್ನು ಹತ್ತಿದ್ದಾರೆ, ನೀವು ಬಟ್ಟೆ ಒಗೆಯುವ ಕಡೆಗೆ. ನೀವು ಬರುತ್ತೀರೋ ಇಲ್ಲವೋ ಎಂದು ಕೇಳಲು ಮಾತ್ರ ಧೈರ್ಯವಿಲ್ಲ. "ನೀನು ಬರೀ, ನೀನು ಓದಿದೋಳು" ಎನ್ನುತ್ತಾರೆ. ಆ ಒಂದು ಮಾತನ್ನು ಹೇಗೆ ವಾಪಸ್ ತೆಗೆದುಕೊಳ್ಳುವುದೆಂದು ಅವರಿಗೆ ತಿಳಿಯುತ್ತಿಲ್ಲ.

ಅತ್ತೆ, ಪಾಪ ಎಂಬ ಕನಿಕರದಿಂದ ನಿಮ್ಮನ್ನು ಕರೆಯುತ್ತಿಲ್ಲ. ಇನ್ನು ಏನೂ ಆಗುವುದಿಲ್ಲ ಎಂದು ಮಾತು ಕೊಡಲೂ ಆರೆ. ಮುಷ್ಟಿ ಒಮ್ಮೊಮ್ಮೆ ಅಳುತ್ತಾಳೆ. ಎರಡು ಕಿವಿ ನೆಟ್ಟಗಿರುವ ನಾನು ಮಂಗಳವಾರ ಅವಳ ಅಳುವನ್ನು ಕೇಳಿಸಿಕೊಂಡೆನೇ? ಯಾರ ಕೈಯಲ್ಲಿ ಬಿಟ್ಟರೂ ಒಂದು ಕ್ಷಣ ತಪ್ಪಿಯೇ ತಪ್ಪುತ್ತದೆ. ಉಳಿದ ಹೊತ್ತೆಲ್ಲ ಯಾರು ಅವಳ ಕಡೆ ನೋಡುತ್ತಿರುತ್ತಾರೆ ಎಂಬುದಷ್ಟೇ ನನಗೆ ಮುಖ್ಯ. ನಿಮ್ಮಷ್ಟು ನೋಡುವವರನ್ನು ನಾನು ಕಂಡಿಲ್ಲ. ಗಾಜಿನ ಆ ಕಡೆ ನಿಂತು ನನ್ನನ್ನು ನೋಡಿದಿರಿ, ಹಾಲ್ ತುಂಬ ಜನರ ನಡುವೆ ನನ್ನನ್ನು ನೋಡಿದಿರಿ. ಮಗುವನ್ನು ಎತ್ತಿಕೊಳ್ಳುವುದನ್ನು ನನಗೆ ಎಷ್ಟೋ ಜನ ಕಲಿಸಿದರು. ಕುಸಿದು ಕೂತಿದ್ದ ನನ್ನನ್ನು ಎತ್ತಿಕೊಂಡವರು ನೀವು. ಇದನ್ನು ಎದುರಿಗೆ ಹೇಳಲು ನನಗೆ ಈ ಜನ್ಮದಲ್ಲಿ ಆಗುವುದಿಲ್ಲ, ಆದ್ದರಿಂದ ಇಲ್ಲಿ ಓದಿ, ಓದಿದೆನೆಂದು ದಯವಿಟ್ಟು ಹೇಳಬೇಡಿ.

ನೀವು ಬನ್ನಿ. ಬರುವುದಿಲ್ಲವಾದರೆ ಹಾಗೆಂದೇ ಬರೆಯಿರಿ, ಬೇಸರವಿಲ್ಲ. ಇಲ್ಲ, ಬೇಸರವಿದೆ. ಆದರೂ ಬರೆಯಿರಿ.

ನಿಮ್ಮ ಪ್ರೀತಿಯ
ಸೊಸೆ

ತಾ.ಕ.: ಶನಿವಾರ, ಬೆಳಿಗ್ಗೆ. ನಿನ್ನೆ ಅಂಚೆಪೆಟ್ಟಿಗೆಯವರೆಗೂ ಹೋಗಿ ವಾಪಸ್ ಬಂದೆ. ಶನಿವಾರ ಸಂಜೆಯೊಳಗೆ ಉತ್ತರ ಬೇಕಾದ ಪತ್ರವನ್ನು ಶುಕ್ರವಾರ ಮಧ್ಯಾಹ್ನ ಅಂಚೆಗೆ ಹಾಕುವವಳು ನಾನೊಬ್ಬಳೇ ಇರಬೇಕು. ಈಗ ಈ ಸಾಲುಗಳನ್ನು ನಿಮ್ಮ ಮನೆಯ ಬಾಗಿಲ ಹೊರಗೆ, ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಮುಷ್ಟಿ ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಾಳೆ. ನಿಮ್ಮ ಮಗ ಬಂದಾಗಿನಿಂದ ಬೆಲ್ ಒತ್ತುತ್ತಲೇ ಇದ್ದಾರೆ. "ಕೇಳಿಸಲ್ಲ ಅಂತ ಗೊತ್ತಲ್ಲ" ಎಂದರೆ, "ಗೊತ್ತು, ಸುಮ್ನೆ ನಿಂತ್ಕೊಳ್ಳೋಕಾಗ್ತಿಲ್ಲ" ಎನ್ನುತ್ತಾರೆ. ಎದುರು ಮನೆಯವರು ಹೊರಗೆ ಬಂದು, ಬೆಂಕಿ ಗಿಂಕಿ ಬಿದ್ದಿದೆಯಾ ಎಂದು ಕೇಳಿ ಹೋದರು. ಪತ್ರವನ್ನು ಬಾಗಿಲ ಕೆಳಗಿನ ಸಂದಿನಲ್ಲಿ ಒಳಗೆ ತಳ್ಳುತ್ತಿದ್ದೇನೆ, ಆದರೆ ಪೂರ್ತಿ ತಳ್ಳುವುದಿಲ್ಲ. ಈ ಕಡೆಯ ತುದಿಯನ್ನು ನಾನು ಹಿಡಿದಿರುತ್ತೇನೆ. ನಿಮಗೆ ಕಂಡಾಗ ಆ ಕಡೆಯಿಂದ ಎಳೆಯಿರಿ, ನನಗೆ ತಿಳಿಯುತ್ತದೆ.